ಎಳೆ ಸೇರಿಸುತ್ತಿದ್ದ ಮೇಡಂ

ಅವರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಬಚ್ಚಲಲ್ಲಿ ಸವೆದು ಉಳಿದ ಸೋಪಿನ ಚೂರಿನ ಹಾಗೆ ನುಣ್ಣಗೆ, ಬೆಳ್ಳಗೆ ಇರುತ್ತಿದ್ದವು. ಚಳಿಗಾಲದಲ್ಲಿ ಮಾತ್ರ ಉಗುರಿನ ಪಕ್ಕ ಸಣ್ಣಗೆ ಒಡೆದು ಕೆಂಪಗಾಗುತ್ತಿದ್ದವು. ನಾನು ಕೆಲಸಕ್ಕೆ ಸೇರಿದ ದಿನ ಅವರು ಮೌಸಿನ ಮೇಲೆ ಕೈಯಿಟ್ಟು ಏನನ್ನೋ ವಿವರಿಸುತ್ತಿದ್ದರೆ ನಾನು ಪರದೆ ಬಿಟ್ಟು ಆ ಕೈಯನ್ನೇ ನೋಡುತ್ತಿದ್ದೆ. ಅವರು ಮಾತು ನಿಲ್ಲಿಸಿದರು.

"ಏನ್ ನೋಡ್ತಿದ್ದೀಯ? ಕೈಯಾ? ಬಿಸಿನೀರಲ್ಲಿ ಬೆಂದ ಕೈ ಬೇಟಾ ಇದು. ಒಂದ್ಸಲ ಚೆನ್ನಾಗಿ ನೋಡ್ಕೊಂಡ್ಬಿಡು. ಆಮೇಲೆ ಸ್ಕ್ರೀನ್ ನೋಡು."

ಎರಡೂ ಕೈ ಚಾಚಿ ತೋರಿಸಿಯೇಬಿಟ್ಟರು. ನಾನು ನಾಚಿಕೆಯಿಂದ ಭೂಮಿಗಿಳಿದು ಹೋದೆ.

ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವವರ ಮನೆ ಅವರದು. ಗೂಡುಗಳನ್ನು ಕುದಿನೀರಲ್ಲಿ ಬೇಯಿಸಿ, ಒಂದೊಂದು ಗೂಡಿನ ಎಳೆಯ ತುದಿಯನ್ನೂ ಬೆರಳಲ್ಲೇ ತಡಕಿ ತೆಗೆದು, ಏಳೆಂಟು ಎಳೆಗಳನ್ನು ಒಂದು ಮಾಡಿ ಚರಕಕ್ಕೆ ಕೊಡುವ ಕೆಲಸ. ಸ್ಕೂಲಿಗೆ ಹೋಗುವ ಮುಂಚೆ ಅದೇ, ಬಂದ ಮೇಲೂ ಅದೇ. ಪಾಲಿಟೆಕ್ನಿಕ್ಕಿಗೆ ಸೇರಿ ಎಲೆಕ್ಟ್ರಾನಿಕ್ಸ್ ಓದುವಾಗಲೂ ಪರೀಕ್ಷೆಯ ದಿನ ಒಂದು ಬಿಟ್ಟು ಮಿಕ್ಕ ದಿನವೆಲ್ಲ ಆ ಕುದಿನೀರಿನ ತೊಟ್ಟಿಯ ಮುಂದೆ ಕುಳಿತವರು. ಒಂದು ಸಂಬಂಧ ಬಂದಿತ್ತಂತೆ. "ನೋಡೋಕೆ ಬಂದೋರು ಮುಖ ನೋಡ್ಲಿಲ್ಲ, ಕೈ ನೋಡಿದ್ರು. ಹೋಗಿ ಬತ್ತೀವಿ ಅಂದ್ರು. ಹೋದ್ರು" ಎಂದು ಹೇಳಿ ನಕ್ಕಿದ್ದರು. ನನಗೆ ನಗು ಬರಲಿಲ್ಲ.

ಕಾರ್ಖಾನೆಗೆ ಬೆರಳೊತ್ತುವ ಹಾಜರಿ ಯಂತ್ರ ಬಂದಾಗ ಅದು ಅವರ ಬೆರಳನ್ನು ಒಪ್ಪಲೇ ಇಲ್ಲ. ಹೆಬ್ಬೆರಳಿಟ್ಟರೆ ಕೆಂಪು ದೀಪ, ತೋರುಬೆರಳಿಟ್ಟರೆ ಕೆಂಪು ದೀಪ. ಹಿಂದೆ ಸಾಲಿನಲ್ಲಿ ನಿಂತವರು ಕಿಸಿಕಿಸಿ ನಗುತ್ತಿದ್ದರು. ಕೊನೆಗೆ ಅವರೊಬ್ಬರಿಗಾಗಿ ಹಳೆಯ ರಿಜಿಸ್ಟರನ್ನೇ ಮತ್ತೆ ತೆರೆದರು. ಸಂಬಳಕ್ಕೇನೂ ತೊಂದರೆಯಾಗಲಿಲ್ಲ, ಆದರೆ ಬೆಳಿಗ್ಗೆ ಎಲ್ಲರೂ ಗುಂಪಾಗಿ ಯಂತ್ರದ ಮುಂದೆ ಮಾತಾಡುತ್ತ ನಿಂತಿದ್ದಾಗ ಅವರು ಮಾತ್ರ ಬದಿಯ ಬಾಗಿಲಿಂದ ಬಂದು ಸಹಿ ಹಾಕಿ ಒಳಗೆ ಹೋಗುವಂತಾಯಿತು. ಮೊದಲೇ ಯಾರ ಜೊತೆಗೂ ಸೇರದ ಹೆಂಗಸು, ಇದ್ದ ಒಂದು ನೆಪವೂ ತಪ್ಪಿತು.

ಆಗ ಬೆಂಗಳೂರಿನ ಕಾರ್ಖಾನೆಗಳು ಒಂದೊಂದಾಗಿ ಹಾರೋಹಳ್ಳಿ ಕಡೆ ಕಾಲು ಚಾಚುತ್ತಿದ್ದ ಕಾಲ. ನಿನ್ನೆ ರಾಗಿ ಹೊಲವಾಗಿದ್ದ ಕಡೆ ಇವತ್ತು ಕಾಂಪೌಂಡು. ನಮ್ಮದು ಮೋಟಾರು ತಯಾರಿಸುವ ಕಾರ್ಖಾನೆ. ನಾನು ದೊಡ್ಡಆಲಹಳ್ಳಿಯವಳು. ಡಿಪ್ಲೊಮಾ ಮುಗಿಸಿ, ಸಾತನೂರಿಗೆ ಕೊಟ್ಟಿದ್ದ ನಮ್ಮಕ್ಕನ ಮನೆಯಲ್ಲಿದ್ದುಕೊಂಡು ಕೆಲಸಕ್ಕೆ ಬರುತ್ತಿದ್ದೆ. ಅಕ್ಕನೂ ಅದೇ ಕಾರ್ಖಾನೆಯಲ್ಲಿ ವೈಂಡಿಂಗ್ ವಿಭಾಗದಲ್ಲಿ, ಅಂದರೆ ಮೋಟಾರಿಗೆ ತಾಮ್ರದ ತಂತಿ ಸುತ್ತುವ ಕಡೆ ಇದ್ದಳು. ಅಲ್ಲಿದ್ದವರೆಲ್ಲ ಹೆಂಗಸರೇ, ಸಾತನೂರು, ಕನಕಪುರದ ಕಡೆಯವರು. ಅವರಿದ್ದ ಕಡೆ ಯಾವಾಗಲೂ ಗಲಗಲ. ನಾನಿದ್ದ ಕಡೆ? ಟೆಸ್ಟಿಂಗ್ ರೂಮು. ಗಾಜಿನ ಬಾಗಿಲು ಹಾಕಿದರೆ ಮೋಟಾರಿನ ಗುಂಯ್‌ಗುಡುವಿಕೆ ಬಿಟ್ಟು ಬೇರೆ ಸದ್ದಿಲ್ಲ. ನಾನು ಮತ್ತು ಮೇಡಂ, ಇಬ್ಬರೇ. ಅಯ್ಯೋ ಶಿವನೇ, ಬಾಯಿಗೆ ಬೀಗ ಹಾಕಿಕೊಂಡು ದಿನ ಹೇಗಪ್ಪಾ ಕಳೆಯುವುದು ಅಂತ ಮೊದಲ ವಾರ ಅಕ್ಕನ ಹತ್ತಿರ ಅತ್ತಿದ್ದೆ.

ಕಂಪ್ಯೂಟರ್ ಪ್ರೋಗ್ರಾಂ ಅಂದರೆ ಇಂಗ್ಲಿಷಿನಲ್ಲಿ ಸಾಲುಗಟ್ಟಲೆ ಬರೆಯುವುದು ಅಂತ ನಾನು ತಿಳಿದಿದ್ದೆ. ಮೇಡಂ ಬಳಸುತ್ತಿದ್ದ ಸಾಫ್ಟ್‌ವೇರಿನಲ್ಲಿ ಬರೆಯುವುದೇ ಇರಲಿಲ್ಲ, ಎಲ್ಲ ಚಿತ್ರ. ಬಿಳಿ ಪರದೆಯ ಮೇಲೆ ಪುಟ್ಟ ಪುಟ್ಟ ಡಬ್ಬಿಗಳು. ಒಂದು ಡಬ್ಬಿಯಿಂದ ಮೋಟಾರಿನ ಬಿಸಿ ಬರುತ್ತದೆ, ಇನ್ನೊಂದರಿಂದ ಅದರ ನಡುಕ, ಮತ್ತೊಂದರಿಂದ ಅದು ಎಳೆಯುವ ಕರೆಂಟು. ಡಬ್ಬಿಯಿಂದ ಡಬ್ಬಿಗೆ ಮೌಸಿನಲ್ಲಿ ತಂತಿ ಎಳೆದರೆ ಆಯಿತು, ಅದೇ ಪ್ರೋಗ್ರಾಂ. ಮೇಡಂ ಅದನ್ನು ತಂತಿ ಅನ್ನುತ್ತಿರಲಿಲ್ಲ. ಎಳೆ ಅನ್ನುತ್ತಿದ್ದರು.

ಅವರಿಗಿಂತ ಮುಂಚೆ ಇದ್ದವರು ಒಂದೊಂದು ಎಳೆಯನ್ನೂ ಒಂದೊಂದು ಫೈಲಿಗೆ ಉಳಿಸುತ್ತಿದ್ದರಂತೆ. ಬಿಸಿಯದೊಂದು, ನಡುಕದ್ದೊಂದು, ಕರೆಂಟಿನದೊಂದು. ಮೇಡಂ ಬಂದ ಮೇಲೆ ಅದನ್ನು ನಿಲ್ಲಿಸಿದರು. ಎಲ್ಲ ಎಳೆಗಳೂ ಮೊದಲು ಒಂದು ಡಬ್ಬಿಗೆ ಹೋಗಿ ಸೇರಬೇಕು, ಅಲ್ಲಿಂದ ಒಂದೇ ದಪ್ಪ ಎಳೆಯಾಗಿ ಹೊರಟು, ಉಳಿಸುವ ಡಬ್ಬಿಗೆ ಹೋಗಬೇಕು. ಸೇರಿಸುವ ಆ ಡಬ್ಬಿಯ ಅಂಚು ಹಿಡಿದು ಕೆಳಕ್ಕೆ ಜಗ್ಗಿದರೆ ಅದು ಉದ್ದವಾಗಿ ಹೊಸ ಎಳೆಗೆ ಇನ್ನೊಂದು ಬಾಯಿ ತೆರೆಯುತ್ತಿತ್ತು. ಅದನ್ನು ಜಗ್ಗುವುದೆಂದರೆ ಮೇಡಂಗೆ ಏನೋ ಖುಷಿ.

"ಯಾಕೆ ಮೇಡಂ, ಬೇರೆ ಬೇರೆ ಇದ್ರೇನಾಯ್ತು? ಆಮೇಲೆ ಪಕ್ಕ ಪಕ್ಕ ಇಟ್ಕೊಂಡು ನೋಡಿದ್ರಾಯ್ತಪ್ಪ" ಎಂದು ನಾನೊಮ್ಮೆ ಕೇಳಿದೆ. ಗೊತ್ತಿಲ್ಲದವಳಿಗೆ ಮಾತು ಜಾಸ್ತಿ.

"ಒಂಟಿ ಎಳೆ ಏನ್ ಹೇಳುತ್ತೆ ಬೇಟಾ? ಬಿಸಿ ಆಯ್ತು ಅನ್ನುತ್ತೆ. ಯಾವುದರಿಂದ ಆಯ್ತು ಅಂತ ಹೇಳಲ್ಲ. ಮೊದಲು ನಡುಗಿತೋ, ಮೊದಲು ಬಿಸಿ ಆಯ್ತೋ? ಒಟ್ಟಿಗಿದ್ರೆ ಒಂದರ ಗುಟ್ಟು ಇನ್ನೊಂದು ಹೇಳುತ್ತೆ. ನಮ್ಮಪ್ಪ ಗೂಡಿನ ಒಂಟಿ ಎಳೆ ಕೈಗೆ ಕೊಟ್ಟು ಎಳಿ ಅನ್ನೋರು. ಎಳಿಯೋಕೆ ಮುಂಚೆನೇ ಕಿತ್ತೋಗೋದು."

ಹೀಗೆ ಹೇಳುವಾಗ ಅವರ ಮುಖ ಬೆಳಗುತ್ತಿತ್ತು. ಇಷ್ಟೊಂದು ಮಾತಾಡುವವರು ಮಧ್ಯಾಹ್ನ ಊಟಕ್ಕೆ ಮಾತ್ರ ಗೋಡೆ ಕಡೆ ತಿರುಗಿ ಒಬ್ಬರೇ ಕೂರುತ್ತಿದ್ದರು.

ಎಳೆ ಸೇರಿಸುವುದರಲ್ಲಿ ನಾನು ಮಾಡಿದ ಒಂದು ಘನಕಾರ್ಯವನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಒಂದು ದಿನ ಮೇಡಂ ಮೀಟಿಂಗಿಗೆ ಹೋಗಿದ್ದಾಗ ನಾನೇ ಮೂರೂ ಎಳೆ ಸೇರಿಸಿ ಉಳಿಸುವ ಡಬ್ಬಿಗೆ ಕೊಟ್ಟೆ. ಅದರಲ್ಲೊಂದು ಪ್ರಶ್ನೆ ಇರುತ್ತಿತ್ತು: ಸಮಯದ ಕಾಲಂ ಎಲ್ಲಕ್ಕೂ ಸೇರಿ ಒಂದೇ ಸಾಕೋ, ಒಂದೊಂದಕ್ಕೂ ಬೇರೆ ಬೇಕೋ? ಫೈಲು ಅಚ್ಚುಕಟ್ಟಾಗಿರಲಿ ಅಂತ ಒಂದೇ ಸಾಕು ಅಂದೆ. ನಡುಕವನ್ನು ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ನೂರಾರು ಸಲ ಅಳೆಯುತ್ತದೆ, ಬಿಸಿಯನ್ನು ನಿಧಾನಕ್ಕೆ ಆಗೊಮ್ಮೆ ಈಗೊಮ್ಮೆ ಅಳೆಯುತ್ತದೆ. ನಾನು ಕೊಟ್ಟ ಒಂದೇ ಕಾಲಂ ನಡುಕದ ಸಮಯದ್ದು. ಬಿಸಿಯ ಅಂಕಿಗಳೆಲ್ಲ ಆ ಕಾಲಂನ ತಲೆಯಲ್ಲೇ ಹೋಗಿ ಒಂದರ ಕೆಳಗೊಂದು ಕೂತುಬಿಟ್ಟವು. ಸಂಜೆ ಫೈಲು ತೆರೆದು ನೋಡುತ್ತೇನೆ, ಮೋಟಾರು ಶುರುವಾದ ನಿಮಿಷದಲ್ಲೇ ಬಿಸಿ ಮುಗಿಲು ಮುಟ್ಟಿದೆ! ಸುಟ್ಟೇಹೋಯಿತು ಅಂದುಕೊಂಡು ಓಡಿಹೋಗಿ ಮೇನ್ ಸ್ವಿಚ್ಚನ್ನೇ ಆರಿಸಿದೆ. ಇಡೀ ಟೆಸ್ಟಿಂಗ್ ರೂಮು ಗಪ್‌ಚಿಪ್.

ಮೇಡಂ ಬಂದವರು ಮೋಟಾರಿನ ಮೈ ಮುಟ್ಟಿ ನೋಡಿದರು. ಆಮೇಲೆ ಫೈಲು ನೋಡಿದರು. ಆಮೇಲೆ ನಗುವುದಕ್ಕೆ ಶುರು ಮಾಡಿದರು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅರೆ, ಬೆಳಿಗ್ಗೆಯಿಂದ ಸಂಜೆವರೆಗಿನ ಬಿಸೀನ ಒಂದು ನಿಮಿಷಕ್ಕೆ ತುರುಕಿಬಿಟ್ಟಿದ್ದೀಯಲ್ಲೇ! ಪಾಪ, ಅದೇನ್ ಮಾಡಿತ್ತು ನಿಂಗೆ?" ಕಣ್ಣೊರೆಸಿಕೊಂಡು ಹೇಳಿದರು, "ಒಟ್ಟಿಗಿಡು ಬೇಟಾ. ಆದ್ರೆ ಅವರವರ ಟೈಮ್ ಅವರವರಿಗೆ ಕೊಡು. ಕೆಲವರು ಬೇಗ ಮಾತಾಡ್ತಾರೆ, ಕೆಲವರು ನಿಧಾನ. ಎಲ್ಲರನ್ನೂ ಒಂದೇ ಗಡಿಯಾರಕ್ಕೆ ಕಟ್ಟಿದ್ರೆ ಸುಳ್ಳೇ ಬರೋದು."

ಆವತ್ತಿನಿಂದ ನನಗೆ ಅವರ ಮೇಲೆ ಭಯ ಹೋಗಿ ಅಕ್ಕರೆ ಹುಟ್ಟಿತು. ಅವರಿಗೂ ನನ್ನ ಮೇಲೆ ಹಾಗೇ ಇದ್ದಿರಬೇಕು, ಬಾಯಿಬಿಟ್ಟು ಹೇಳುವ ಪೈಕಿಯಲ್ಲ.

ಅವರು ಕನಕಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಅಪ್ಪ ತೀರಿಕೊಂಡ ಮೇಲೆ ಅಣ್ಣ ನೂಲಿನ ಘಟಕ ಮುಚ್ಚಿ ಗೂಡಿನ ವ್ಯಾಪಾರಕ್ಕಿಳಿದಿದ್ದರು. ಅಣ್ಣನ ಮನೆಯಲ್ಲಿ ಯಾರೂ ಬೇಡವೆಂದಿರಲಿಲ್ಲ, ಇರು ಎಂದೂ ಅಂದಿರಲಿಲ್ಲ. ಒಂದು ಸಂಜೆ ಸಾತನೂರಿನ ಕಡೆಗೆ ಬಸ್ಸೇ ಇಲ್ಲದೆ ನಾನು ಕನಕಪುರದ ಬಸ್ ಸ್ಟ್ಯಾಂಡಿನಲ್ಲಿ ಪರದಾಡುತ್ತಿದ್ದಾಗ ಮೇಡಂ ನನ್ನನ್ನು ಕೋಣೆಗೆ ಕರೆದುಕೊಂಡು ಹೋದರು. ಬೀಗ ತೆಗೆಯುವ ಮೊದಲೇ ಒಳಗೆ ಯಾರೋ ಗಂಡಸು ಮಾತಾಡುವುದು ಕೇಳಿಸಿ ನಾನು ಬೆಚ್ಚಿದೆ.

"ರೇಡಿಯೋ ಅದು. ಬೆಳಿಗ್ಗೆ ಹಾಕಿಟ್ಟು ಬತ್ತೀನಿ. ಸಂಜೆ ಬಾಗಿಲು ತೆಗೆದಾಗ ಒಳಗೆ ಯಾರೋ ಮಾತಾಡ್ತಿರಬೇಕು ನಂಗೆ. ಕೃಷಿ ವಾರ್ತೆ ಆದ್ರೂ ಸರಿ" ಎಂದರು.

ಒಂದು ಮಂಚ, ಒಂದು ಸ್ಟೌವು, ಒಂದು ತಟ್ಟೆ, ಒಂದು ಲೋಟ. ನನಗೆ ಚಹಾ ಕೊಟ್ಟು, ನಾನು ಕುಡಿದ ಮೇಲೆ ಅದೇ ಲೋಟ ತೊಳೆದು ತಾವು ಕುಡಿದರು. ಭಾನುವಾರ ಏನು ಮಾಡುತ್ತೀರಿ ಮೇಡಂ ಎಂದು ಕೇಳಿದೆ. "ಸೋಮವಾರ ಯಾವಾಗ ಬರುತ್ತೆ ಅಂತ ನೋಡ್ತಿರ್ತೀನಿ" ಅಂದರು. ತಮಾಷೆಗೆ ಹೇಳಿದರೋ ನಿಜಕ್ಕೋ, ಕೇಳುವ ಧೈರ್ಯ ಬರಲಿಲ್ಲ. ಆಮೇಲೆ ಬಸ್ ಸ್ಟ್ಯಾಂಡಿಗೆ ಕರೆತಂದು, ಬಸ್ಸು ಬಂದಾಗ ಅದರ ಕಿಟಕಿಯ ಹತ್ತಿರ ನಿಂತು, ಅದು ಹೊರಟು ತಿರುವಿನಲ್ಲಿ ಮರೆಯಾಗುವವರೆಗೂ ಕೈ ಬೀಸುತ್ತಿದ್ದರು.

ಆಮೇಲೆ ಆ ಬೇಸಿಗೆ ಬಂತು. ಹೊಸ ಮಾದರಿಯ ಮೋಟಾರುಗಳು ದಿನವಿಡೀ ಓಡುವ ಪರೀಕ್ಷೆಯಲ್ಲಿ ಒಂದಾದ ಮೇಲೊಂದು ಫೇಲಾಗತೊಡಗಿದವು. ಬೆಳಿಗ್ಗೆಯೆಲ್ಲ ಸರಿಯಾಗಿ ಓಡಿ, ಮಧ್ಯಾಹ್ನದ ಮೇಲೆ ಬಿಸಿ ಏರಿ ಏರಿ ಮಿತಿ ದಾಟುತ್ತಿತ್ತು. ಪ್ರೊಡಕ್ಷನ್ ಮ್ಯಾನೇಜರು ಬಿಸಿಯ ಗ್ರಾಫೊಂದನ್ನು ಪ್ರಿಂಟು ತೆಗೆಸಿಕೊಂಡು ಟೆಸ್ಟಿಂಗ್ ರೂಮಿಗೆ ಬಂದರು.

"ನೋಡಿ ಮೇಡಂ, ಇದರಲ್ಲಿ ತಲೆಕೆಡಿಸಿಕೊಳ್ಳೋದೇನಿಲ್ಲ. ವೈಂಡಿಂಗ್ ಸರಿಯಿಲ್ಲ. ಆ ಹೆಂಗಸರು ಹರಟೆ ಹೊಡೀತಾ ಸುತ್ತುತ್ತಾರೆ. ಎಲ್ಲರನ್ನೂ ತೆಗೆದು ಬೆಂಗಳೂರಿಂದ ಹೊಸ ಬ್ಯಾಚ್ ತರಿಸ್ತೀನಿ. ನೀವೊಂದು ರಿಪೋರ್ಟ್ ಬರೆದುಕೊಡಿ, ವೈಂಡಿಂಗ್ ದೋಷ ಅಂತ."

ನಾನು ಅಲ್ಲೇ ನಿಂತಿದ್ದೆ. ನಮ್ಮಕ್ಕನೂ ಅದೇ ಹೆಂಗಸರಲ್ಲಿ ಒಬ್ಬಳೆಂದು ಆ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಏನು ಬಿಡಿ, ಬಾಯಿ ಬಿಟ್ಟರೆ ಮುತ್ತು ಸುರಿಸುವ ಆಸಾಮಿ.

"ಬಿಸಿ ಏರಿದ್ದು ನಿಜ ಸಾರ್. ವೈಂಡಿಂಗ್‌ನಿಂದಲೇ ಏರಿತು ಅಂತ ಈ ಕಾಗದ ಎಲ್ಲಿ ಹೇಳುತ್ತೆ?" ಅಂದರು ಮೇಡಂ.

"ಇನ್ನೇನಿರುತ್ತೆ?"

"ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಸಹಿ ಹಾಕಲ್ಲ. ಸೋಮವಾರದವರೆಗೆ ಟೈಮ್ ಕೊಡಿ."

ಮ್ಯಾನೇಜರು ಗಡಿಯಾರ ನೋಡಿಕೊಂಡರು. "ಸೋಮವಾರ. ಅವತ್ತು ನೀವು ಬೇರೆ ಕಾರಣ ತೋರಿಸ್ಲಿಲ್ಲ ಅಂದ್ರೆ ನಾನು ಅವರನ್ನ ಕಳಿಸೋದೇ."

ಸುದ್ದಿ ಸಂಜೆಯೊಳಗೆ ವೈಂಡಿಂಗಿಗೆ ಮುಟ್ಟಿತ್ತು. ಬಸ್ಸು ಕನಕಪುರ ದಾಟಿದ ಮೇಲೆ ಅಕ್ಕ ನನ್ನ ಕೈ ಹಿಡಿದುಕೊಂಡಳು.

"ನಮ್ಮುನ್ನ ತೆಗೆದ್ಬುಡ್ತಾರಂತೆ ಕಣೆ. ಕೈಯಾರೆ ಸುತ್ತಿದ್ದೀನಿ, ಒಂದ್ ಸುತ್ತೂ ಸಡ್ಲ ಇಲ್ಲ. ನಿಮ್ ಮೇಡಂಗೆ ಒಸಿ ಹೇಳೇ."

"ಹೇಳೋದೇನು, ಅವ್ರೇ ನಿಮ್ ಕಡೆ ನಿಂತವ್ರೆ."

"ಯಾಕೆ? ಅವ್ರು ನಮ್ ಜೊತೆ ಒಂದಿನಾನೂ ಮಾತಾಡಿಲ್ವಲ್ಲ" ಎಂದಳು ಅಕ್ಕ. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಮಾರನೆಯ ದಿನ ಮೇಡಂ ಸೇರಿಸುವ ಡಬ್ಬಿಯ ಅಂಚು ಹಿಡಿದು ಮತ್ತೊಮ್ಮೆ ಕೆಳಕ್ಕೆ ಜಗ್ಗಿದರು. ಹೊಸ ಬಾಯಿ ತೆರೆಯಿತು. ಅದಕ್ಕೆ ಈವರೆಗೆ ಯಾರೂ ಉಳಿಸದಿದ್ದ ಒಂದು ಎಳೆಯನ್ನು ತಂದು ಕೊಟ್ಟರು: ಗೋಡೆಯಿಂದ ಮೋಟಾರಿಗೆ ಬರುವ ವೋಲ್ಟೇಜು. "ಮೋಟಾರು ಏನ್ ಮಾಡ್ತು ಅಂತ ಇಷ್ಟು ದಿನ ಕೇಳಿದ್ವಿ. ಅದಕ್ಕೆ ಹೊಟ್ಟೆಗೆ ಏನ್ ಸಿಕ್ತು ಅಂತ ಯಾರೂ ಕೇಳ್ಲಿಲ್ಲ ನೋಡು" ಅಂದರು.

ಸಂಜೆ ನಾಲ್ಕೂ ಎಳೆಗಳ ಫೈಲನ್ನು ತೆರೆದೆವು. ಒಂದರ ಮೇಲೊಂದು ನಾಲ್ಕು ಗೆರೆ. ಬೆಳಿಗ್ಗೆಯಿಂದ ನಾಲ್ಕೂ ಸಮಾಧಾನವಾಗಿ ಹೋಗುತ್ತವೆ. ಮಧ್ಯಾಹ್ನದ ಊಟವಾದ ಸ್ವಲ್ಪ ಹೊತ್ತಿಗೆ ವೋಲ್ಟೇಜು ಧಡಕ್ಕನೆ ಕೆಳಗಿಳಿಯುತ್ತದೆ. ಅದಾದ ಮೇಲೆ ಕರೆಂಟು ಮೇಲೇರುತ್ತದೆ. ಆಮೇಲೆ ನಿಧಾನವಾಗಿ ಬಿಸಿ. ಕಟ್ಟಕಡೆಗೆ ನಡುಕ. ಯಾವುದು ಮೊದಲು, ಯಾವುದು ಆಮೇಲೆ ಎಂದು ಕಣ್ಣು ಕಾಣದವರಿಗೂ ಹೇಳಬಹುದಿತ್ತು. ಮರುದಿನವೂ ಅದೇ ಹೊತ್ತಿಗೆ ಅದೇ ಕತೆ.

"ವೈಂಡಿಂಗ್‌ದಲ್ಲ ಇದು" ಅಂದರು ಮೇಡಂ. ಗೆಲುವಿನ ಮುಖವಲ್ಲ. "ಆದ್ರೆ ಯಾಕೆ ಇಳಿಯುತ್ತೆ? 'ಎಲ್ಲಿ ಇಳಿಯುತ್ತೆ ಮೇಡಂ, ನಿಮ್ಮ ಸೆನ್ಸಾರೇ ಕೆಟ್ಟಿದೆ' ಅಂತಾನೆ ಆ ಮ್ಯಾನೇಜರ್. ಕಾರಣ ಬೇಕು."

ಕಾರಣ ನನ್ನ ನಾಲಿಗೆಯ ಮೇಲೇ ಇತ್ತು, ಹೊರಗೆ ಬಂದದ್ದು ಭಾನುವಾರ. ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ತೂಗುಹಾಕಿದ್ದ ಬಲ್ಬು ಮಂಕಾಯಿತು. ಭಾವ ಅನ್ನ ಕಲಸುತ್ತಿದ್ದ ಕೈಯಲ್ಲೇ ಎದ್ದರು. "ತ್ರೀಫೇಸ್ ಬಂತು ಕಣಮ್ಮಿ, ನೀರ್ ಕಟ್ಬುಟ್ಟು ಬತ್ತೀನಿ" ಎಂದು ಹಿಪ್ಪುನೇರಳೆ ತೋಟದ ಕಡೆ ಓಡಿದರು. ಅಲ್ಲಿ ಮೋಟಾರು ಆಗಲೇ ಶುರುವಾಗಿತ್ತು. ಯಾರೂ ಹೋಗಿ ಹಾಕಬೇಕಿರಲಿಲ್ಲ. ಆಗ ನಮ್ಮ ಕಡೆ ಪ್ರತಿ ಬೋರಿಗೂ ಆಟೋ ಸ್ಟಾರ್ಟರ್. ತ್ರೀಫೇಸ್ ಕರೆಂಟು ದಿನಕ್ಕೆ ಕೆಲವೇ ಗಂಟೆ ಕೊಡುತ್ತಿದ್ದುದರಿಂದ ಒಂದು ನಿಮಿಷವೂ ಹಾಳಾಗಬಾರದೆಂದು ಎಲ್ಲರೂ ಸ್ವಿಚ್ಚು ಹಾಕಿಟ್ಟೇ ಬಂದಿರುತ್ತಿದ್ದರು. ಕರೆಂಟು ಬಂದ ಕೂಡಲೇ ಊರಿನ ಬೋರುಗಳೆಲ್ಲ ಒಟ್ಟಿಗೇ ಎದ್ದು ಕೂಗುತ್ತಿದ್ದವು. ಹಾರೋಹಳ್ಳಿಯ ಸುತ್ತಲ ಹಳ್ಳಿಗಳಲ್ಲೂ ಅಷ್ಟೇ ತಾನೆ? ನಮ್ಮ ಕಾರ್ಖಾನೆಗಿನ್ನೂ ಬೇರೆ ಲೈನು ಬಂದಿರಲಿಲ್ಲ, ಹಳ್ಳಿಯ ಲೈನೇ ನಮಗೂ. ಅಷ್ಟು ಬೋರುಗಳು ಒಟ್ಟಿಗೆ ಎಳೆದರೆ ನಮ್ಮ ವೋಲ್ಟೇಜು ಇಳಿಯದೆ ಇನ್ನೇನು? ನಾನು ತಟ್ಟೆ ಮುಂದೆ ಕೂತೇ ಕೂಗಿಕೊಂಡೆ. ಅಕ್ಕ ಗಾಬರಿಯಾಗಿ ನನ್ನ ಬೆನ್ನು ತಟ್ಟಿದಳು, ನೆತ್ತಿಗೆ ಹತ್ತಿತೇನೋ ಅಂತ.

ಸೋಮವಾರ ಬೆಳಿಗ್ಗೆ ಬಸ್ಸಿಳಿದವಳೇ ಹೇಳಿದೆ. ಮೇಡಂ ನನ್ನನ್ನು ಎಳೆದುಕೊಂಡು ಗೇಟಿಗೆ ಬಂದರು. ಅಲ್ಲಿನ ವಾಚ್‌ಮನ್ ಪಕ್ಕದ ಹಳ್ಳಿಯವರು, ಕಾಂಪೌಂಡಿನ ಆಚೆಯೇ ಅವರ ಹೊಲ, ಬೋರು. ನಿಮಗೆ ತ್ರೀಫೇಸ್ ಯಾವಾಗ ಕೊಡ್ತಾರೆ ಎಂದು ಮೇಡಂ ಕೇಳಿದರು.

"ಹೋದ್ ವಾರ್ವೆಲ್ಲ ಊಟದ್ ಮೇಲೆ ಕೊಟ್ರು ಮೇಡಮ್ಮೋರೆ. ಇವತ್ನಿಂದ ಪಾಳಿ ಬದ್ಲಾಯ್ತದೆ. ಹತ್ ಗಂಟೆಗೆ ಕೊಡ್ತಾರಂತೆ, ಲೈನ್‌ಮನ್ ಹೇಳ್ದ."

ಮೇಡಂ ನನ್ನ ಮುಖ ನೋಡಿದರು. ಹಾಗಿದ್ದರೆ ಇವತ್ತು ವೋಲ್ಟೇಜು ಊಟದ ಮೇಲಲ್ಲ, ಹತ್ತಕ್ಕೇ ಇಳಿಯಬೇಕು. ಇಳಿದರೆ ಅಕ್ಕ, ಅವಳ ಜೊತೆಯವರು ಉಳಿದರು. ಇಳಿಯದಿದ್ದರೆ ಮ್ಯಾನೇಜರ ಬಾಯಿಗೆ ಸಕ್ಕರೆ.

ಹತ್ತಕ್ಕೆ ಮುಂಚೆಯೇ ಮೇಡಂ ಮ್ಯಾನೇಜರನ್ನು ಕರೆಸಿ, ಮೋಟಾರು ಓಡಿಸಿ, ಪರದೆಯ ಮುಂದೆ ನಿಲ್ಲಿಸಿ ಎಲ್ಲ ಹೇಳಿದರು. ಹತ್ತಾಯಿತು. ವೋಲ್ಟೇಜಿನ ಗೆರೆ ನೆಟ್ಟಗೆ ಹೋಗುತ್ತಿದೆ. ಹತ್ತೂಕಾಲು. ನೆಟ್ಟಗೆ. ಗಾಜಿನ ಬಾಗಿಲಿನ ಆಚೆ ವೈಂಡಿಂಗಿನ ಹೆಂಗಸರು ಕೈಕೆಲಸ ಬಿಟ್ಟು ಸಾಲಾಗಿ ನಿಂತಿದ್ದರು. ಅಕ್ಕನ ಮುಖ ನೋಡಲಾರದೆ ನಾನು ಪರದೆಯಲ್ಲೇ ಕಣ್ಣು ನೆಟ್ಟೆ.

"ಎಲ್ಲಿ ಮೇಡಂ ನಿಮ್ಮ ತ್ರೀಫೇಸು?" ಎಂದು ಮ್ಯಾನೇಜರು ನಕ್ಕರು. "ಬಸ್ ತಪ್ಪಿಸಿಕೊಂಡಿತಾ?"

ಮೇಡಂ ಪರದೆಯಿಂದ ಕಣ್ಣು ಕೀಳಲಿಲ್ಲ. ಅವರ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ಮ್ಯಾನೇಜರು ಹೊರಡಲು ಬಾಗಿಲಿಗೆ ಕೈಹಾಕಿದರು. ಅಷ್ಟರಲ್ಲಿ ಗೇಟಿನ ಕಡೆಯಿಂದ ವಾಚ್‌ಮನ್ ಟವೆಲ್ಲು ಬೀಸುತ್ತ ಓಡಿಬಂದರು. "ಬಂತು! ಬಂತು ಮೇಡಮ್ಮೋರೆ! ಬೋರು ಹೊಡೀತಾ ಐತೆ!" ನಾನು ಪರದೆಗೆ ತಿರುಗುವಷ್ಟರಲ್ಲಿ ಗೆರೆ ಕೆಳಗೆ ಬಿದ್ದಾಗಿತ್ತು. ಅದರ ಹಿಂದೆಯೇ ಕರೆಂಟು ಮೇಲೇರತೊಡಗಿತು. ಮೇಡಂ ಒಂದು ಕುರ್ಚಿ ಎಳೆದು ಮ್ಯಾನೇಜರ ಮುಂದಿಟ್ಟರು.

"ಕೂತ್ಕೊಳ್ಳಿ ಸಾರ್. ಬಿಸಿ ಏರೋಕೆ ಒಸಿ ಹೊತ್ತಾಗುತ್ತೆ. ಅದರ ಟೈಮ್ ಅದಕ್ಕೆ."

ಅವರು ಕೂತರು. ಬಿಸಿ ಏರಿತು. "ಓಕೆ, ಓಕೆ" ಅಂದುಕೊಂಡು ಎದ್ದುಹೋದರು. ಮುಂದಿನ ವಾರ ಟೆಸ್ಟಿಂಗ್ ರೂಮಿಗೊಂದು ದೊಡ್ಡ ಸ್ಟೆಬಿಲೈಸರ್ ಬಂತು, ಮೋಟಾರುಗಳು ಪಾಸಾದವು. ವೈಂಡಿಂಗಿನಿಂದ ಒಬ್ಬರನ್ನೂ ತೆಗೆಯಲಿಲ್ಲ. ಮೇಡಂಗೆ ಥ್ಯಾಂಕ್ಸ್ ಹೇಳಬೇಕೆಂದು ಮೇಲಿನವರಲ್ಲಿ ಯಾರಿಗೂ ಹೊಳೆಯಲಿಲ್ಲ.

ವೈಂಡಿಂಗಿನವರಿಗೆ ಮಾತ್ರ ಹೊಳೆಯಿತು. ಆ ಸೋಮವಾರದ ಮಾರನೆಯ ದಿನ ಮಧ್ಯಾಹ್ನ ಅಕ್ಕ ಗಾಜಿನ ಬಾಗಿಲು ತಳ್ಳಿಕೊಂಡು ಬಂದು, ಸೆರಗಿನ ತುದಿ ತಿರುಚುತ್ತ ನಿಂತಳು. "ಮೇಡಂ, ನಮ್ ಜೊತೆ ಊಟಕ್ ಬನ್ನಿ. ಒಬ್ಬಟ್ಟು ಮಾಡ್ಕೊಂಡ್ ಬಂದವ್ರೆ."

ಮೇಡಂ ಕುರ್ಚಿಯಿಂದ ಅರ್ಧ ಎದ್ದರು. ಹೋಗಿಬಿಡುತ್ತಾರೆ ಅಂದುಕೊಂಡೆ. ಆಮೇಲೆ ಏನನ್ನಿಸಿತೋ, ಮತ್ತೆ ಕೂತರು. "ಟೆಸ್ಟ್ ಓಡ್ತಾ ಐತಮ್ಮ. ಬಿಟ್ಟು ಬರೋಕಾಗಲ್ಲ. ನೀವು ಮಾಡಿ."

ಟೆಸ್ಟು ಓಡುತ್ತಿತ್ತು, ನಿಜ. ಅದನ್ನು ನೋಡಿಕೊಳ್ಳಲು ನಾನಿದ್ದೆ. ಅಕ್ಕ ಹೊರಟುಹೋದಳು, ಸ್ವಲ್ಪ ಹೊತ್ತಿಗೆ ಎರಡು ಒಬ್ಬಟ್ಟನ್ನು ಕಾಗದದಲ್ಲಿ ಸುತ್ತಿ ಕಳಿಸಿದಳು. ಮೇಡಂ ಗೋಡೆ ಕಡೆ ತಿರುಗಿ ಕೂತು ನಿಧಾನವಾಗಿ ತಿಂದರು. ಮತ್ತೆ ಅವರನ್ನು ಯಾರೂ ಕರೆಯಲಿಲ್ಲ. ದೊಡ್ಡವರು, ನಮ್ಮ ಜೊತೆ ಕೂರುವುದು ಇಷ್ಟವಿಲ್ಲವೇನೋ ಅಂತ ಇವರು. ಆ ಕಡೆ ಅವರು ಏನಂದುಕೊಂಡರೋ.

ಎರಡು ವರ್ಷದ ಮೇಲೆ ನನಗೆ ಮದುವೆಯಾಗಿ ಚನ್ನಪಟ್ಟಣಕ್ಕೆ ಬಂದೆ. ಅಲ್ಲಿ ತರಬೇತಿ ಕೇಂದ್ರವೊಂದರಲ್ಲಿ ಅದೇ ಸಾಫ್ಟ್‌ವೇರನ್ನು ಹುಡುಗ ಹುಡುಗಿಯರಿಗೆ ಹೇಳಿಕೊಡುವ ಕೆಲಸ ಸಿಕ್ಕಿತು. ಇವತ್ತಿಗೂ ನಾನು ಉಣ್ಣುವ ಅನ್ನ ಮೇಡಂ ಕಲಿಸಿದ್ದು. ಮೊದಮೊದಲು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಆಮೇಲೆ ತಿಂಗಳಿಗೆ. ಆಮೇಲೆ ಹಬ್ಬಕ್ಕೆ. ಫೋನಿನಲ್ಲಿ ಅವರು ತಮ್ಮ ವಿಷಯ ಹೇಳುತ್ತಿರಲಿಲ್ಲ, ಹೊಸ ಟೆಸ್ಟಿಗೆ ಎಷ್ಟು ಎಳೆ ಸೇರಿಸಿದೆ ಎಂದಷ್ಟೇ ಹೇಳುತ್ತಿದ್ದರು. ನಾನೂ ಮನೆ, ಮಗು ಅಂತ ಮುಳುಗಿದ್ದೆ.

ಒಂದು ಬೆಳಿಗ್ಗೆ ಅಕ್ಕನ ಫೋನು. "ನಿಮ್ ಮೇಡಂ ಹೋಗ್ಬುಟ್ರಂತೆ ಕಣೆ. ಎದೆ ನೋವಂತೆ. ರಾಮನಗ್ರಕ್ಕೆ ತಗೊಂಡೋಗವ್ರೆ, ಅವ್ರಣ್ಣನ ಮನೆಗೆ. ನಾವೆಲ್ಲ ರಜ ಹಾಕಿ ಬತ್ತಾ ಇದೀವಿ."

ರಾಮನಗರದಲ್ಲಿ ಅಣ್ಣನ ಮನೆಯಿದ್ದ ಬೀದಿಯಲ್ಲಿ ಜನವಿರಲಿಲ್ಲ. ಬಾಗಿಲಲ್ಲಿ ನಾಲ್ಕೈದು ಗಂಡಸರು, ಒಳಗೆ ಇಬ್ಬರು ಮೂವರು ಹೆಂಗಸರು. ಬಿಳಿ ಬಟ್ಟೆಯಲ್ಲಿ ಮೇಡಂ ಇಷ್ಟೇ ಇಷ್ಟು ಕಾಣುತ್ತಿದ್ದರು. ನಾನು ಅವರ ಪಕ್ಕ ಕೂತೆ. ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಗಲಗಲ ಶುರುವಾಗಿ, ಬಾಗಿಲ ಹತ್ತಿರ ಬಂದು ನಿಂತುಹೋಯಿತು. ವೈಂಡಿಂಗಿನವರು. ಸಾತನೂರಿನವರು, ಕನಕಪುರದವರು, ಕೆಲಸ ಬಿಟ್ಟು ಹೋಗಿದ್ದ ಹಳಬರು ಕೂಡ. ಚಪ್ಪಲಿ ಬಿಟ್ಟು, ತಲೆ ಮೇಲೆ ಸೆರಗು ಹಾಕಿಕೊಂಡು ಒಬ್ಬೊಬ್ಬರಾಗಿ ಒಳಗೆ ಬಂದರು. ಜಾಗ ಸಾಲದೆ ಅಂಗಳದಲ್ಲೂ ಕೂತರು. ಮನೆಯ ಹೆಂಗಸರು ಕಣ್ಣು ಕಣ್ಣು ಬಿಟ್ಟು ನೋಡುತ್ತಿದ್ದರು.

ಗಂಡಸರು ಮೇಡಂ ಅವರನ್ನು ಎತ್ತಿಕೊಂಡು ಹೋದ ಮೇಲೆ ಅವರ ಅತ್ತಿಗೆ ಅಕ್ಕನ ಪಕ್ಕ ಬಂದು ಕೂತರು. "ನೀವೆಲ್ಲ ಯಾರಮ್ಮ? ಅವಳಿಗೆ ಏನಾಗ್ಬೇಕು?"

"ನಾವು ವೈಂಡಿಂಗ್‌ನೋರು ಕಣಮ್ಮ. ಇವ್ರಿಲ್ದಿದ್ರೆ ನಮ್ಮುನ್ನೆಲ್ಲ ಅವತ್ತೇ ಮನೆಗೆ ಕಳ್ಸಿರೋರು" ಎಂದು ಅಕ್ಕ ಅಳುತ್ತ ಎಲ್ಲ ಹೇಳಿದಳು. ಅತ್ತಿಗೆಗೆ ಅದೊಂದೂ ಗೊತ್ತಿರಲಿಲ್ಲ.

"ನೀವೇನಾ ಹಾಗಾದ್ರೆ" ಎಂದರು ಆಮೇಲೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಪ್ರತಿ ರಂಜಾನ್ ಹಬ್ಬಕ್ಕೂ ಇಲ್ಲಿಗೆ ಬಂದು ಶ್ಯಾವಿಗೆ ಪಾಯಸ ದೊಡ್ಡ ಪಾತ್ರೆಲಿ ಮಾಡಿಸೋಳು. ಇಷ್ಟೊಂದು ಯಾಕೆ ಅಂದ್ರೆ, ಇರ್ಲಿ ಭಾಬಿ, ಫ್ಯಾಕ್ಟರಿಯಿಂದ ಬಂದ್ರೂ ಬರಬಹುದು ಅನ್ನೋಳು. ಸಂಜೆವರೆಗೂ ಬಾಗಿಲಲ್ಲೇ ಕೂತಿರೋಳು. ಆಮೇಲೆ ಬೀದಿ ಮಕ್ಕಳಿಗೆ ಹಂಚಿಬಿಡೋಳು."



"ನಮ್ಮುನ್ನ ಕರೀಲೇ ಇಲ್ವಲ್ಲಮ್ಮ" ಎಂದಳು ಅಕ್ಕ.